ನಮ್ಮ ಸರ್ ಅವರ ಎಡಗೈ

ಇವತ್ತು ಬೆಳಿಗ್ಗೆ ಸ್ಕ್ಯಾನಿಗೆ ಬಂದ ಹಿರಿಯರೊಬ್ಬರು ಕೊರಳಿನ ಲಿಂಗದ ಬೆಳ್ಳಿ ಕರಡಿಗೆ ಬಿಚ್ಚಿ ಟ್ರೇಯಲ್ಲಿಟ್ಟರು. ವಿಭೂತಿಯ ವಾಸನೆ ಬಂತು. ಮಕ್ತಲ್‌ನ ನಮ್ಮ ಗಣಿತದ ಸರ್ ನೆನಪಾದರು...

ನಾನು ಗದ್ವಾಲದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಎಂಆರ್‌ಐ ಟೆಕ್ನಿಷಿಯನ್. ಐದಾರು ವರ್ಷದ ಹಿಂದೆ ಸರ್ ಹೆಂಡತಿಯ ಜೊತೆ ಬಂದಿದ್ದರು. ಅವರನ್ನು ನಾವೆಲ್ಲ ಅಮ್ಮನವರು ಎನ್ನುತ್ತಿದ್ದೆವು. ಸರ್ ಪೂಜೆಗೆ ಕೂತಾಗ ಎಡ ಅಂಗೈ ಮೇಲಿಟ್ಟ ಲಿಂಗ ಎರಡು ಸಲ ಜಾರಿ ಮಡಿಲಿಗೆ ಬಿದ್ದಿತ್ತಂತೆ. ತಲೆನೋವೂ ಇತ್ತು, ಅದನ್ನು ಸರ್ ಲೆಕ್ಕಕ್ಕೇ ಹಿಡಿದಿರಲಿಲ್ಲ.

"ಎಷ್ಟು ದಿನ ಇರ್ತೀನಿ ಅಂತ ಕೇಳಾಕ ಬಂದಿಲ್ಲವ್ವ. ಈ ಕೈ ಮೊದಲಿನಂಗ ಬರತೈತೋ ಇಲ್ಲೋ, ಅಷ್ಟು ಹೇಳು ಸಾಕು," ಅಂದರು.

ಯಂತ್ರದೊಳಗೆ ಲೋಹ ಕೂಡದು, ಕರಡಿಗೆ ತೆಗೆಯಬೇಕು ಅಂದಾಗ ಮುಖ ಗಂಟಿಕ್ಕಿದರು. ಲಿಂಗ ಮೈಬಿಟ್ಟರೆ ಅವರಿಗೆ ಜೀವ ಬಿಟ್ಟ ಹಾಗೆ. ನಮ್ಮ ಮನೆಯಲ್ಲೂ ಅದೇ ಪದ್ಧತಿ, ಹಾಗಾಗಿ ನಾನು ವಾದ ಮಾಡಲಿಲ್ಲ. ಡಾಕ್ಟರನ್ನು ಕೇಳಿ, ಲಿಂಗ ಅಯಸ್ಕಾಂತಕ್ಕೆ ಅಂಟುವುದಿಲ್ಲ ಎಂದು ಹಿಡಿದು ನೋಡಿ, ಬಿಳಿ ಬಟ್ಟೆಯಲ್ಲಿ ಸುತ್ತಿ ಎದೆಗೆ ಕಟ್ಟಿದೆ. ಖಾಲಿ ಕರಡಿಗೆ ಹಿಡಿದು ಅಮ್ಮನವರು ಹೊರಗೆ ಕೂತರು.

ಮೊದಲ ಚಿತ್ರಗಳಲ್ಲಿ ಏನೋ ಊತವಿದೆ ಅನ್ನಿಸಿತು, ಎಲ್ಲಿ ಶುರು ಎಲ್ಲಿ ಮುಗಿಯಿತು ತಿಳಿಯಲಿಲ್ಲ. ಎಲ್ಲ ಬೂದು ಬೂದು. ಡಾಕ್ಟರು ಕಾಂಟ್ರಾಸ್ಟ್ ಔಷಧ ಕೊಡಲು ಹೇಳಿದರು. ಅದಕ್ಕೆ ಮೊದಲು ನೋಡಬೇಕಾದ ಕಿಡ್ನಿಯ ರಿಪೋರ್ಟ್ ಸರಿಯಿತ್ತು. ಸೂಜಿ ನೋಡಿ ಸರ್ ಇದು ಯಾಕೆ ಎಂದರು.

"ಈ ಔಷಧ ರಕ್ತದಾಗ ಹೋಗಿ, ಕೆಟ್ಟ ಜಾಗ ಇದ್ದಲ್ಲಿ ಸೋರಿ ನಿಲ್ತೈತ್ರಿ ಸರ್. ಅಲ್ಲಿ ಬೆಳ್ಳಗ ಕಾಣತೈತಿ. ತ್ರಿಕೋನದ ಗೆರಿ ಎದ್ದು ಕಾಣಲಿ ಅಂತ ನೀವು ಬೋರ್ಡು ಹಸಿ ಬಟ್ಟಿಲೆ ಒರಸ್ತಿದ್ರಲ್ರೀ, ಹಂಗ."

ಸರ್ ನಕ್ಕರು. "ಪರವಾಲೇದು! ನಾ ಕಲಿಸಿದ್ದು ಒಂದಾದ್ರೂ ನೆನಪೈತಿ."

ಔಷಧ ಹೋದ ಮೇಲಿನ ಚಿತ್ರ ಪರದೆಗೆ ಬಂತು. ಮೆದುಳಿನ ಬಲಭಾಗದಲ್ಲಿ ಅಂಕುಡೊಂಕಾದ ಬಿಳಿ ಉಂಗುರ, ನಡುವೆ ಕಪ್ಪು. ಕೆಟ್ಟ ಗಡ್ಡೆಗಳು ಕಾಣುವುದೇ ಹಾಗೆ. ಅಂಚು ಅಷ್ಟು ನಿಚ್ಚಳ... ಹೇಳಲು ನಾಚಿಕೆಯಾಗುತ್ತದೆ, ನನಗೆ ಮೊದಲು ಆದದ್ದು ಖುಷಿ. ಆ ತಿಂಗಳೆಲ್ಲ ಅಂಥ ಒಳ್ಳೆಯ ಚಿತ್ರ ತೆಗೆದಿರಲಿಲ್ಲ. ಅದು ಯಾರ ತಲೆ ಎನ್ನುವುದು ಆಮೇಲೆ ಹೊಳೆಯಿತು. ಆಗ ಒಳಗೆಲ್ಲ ಜೋಮು ಹಿಡಿದಂತಾಯಿತು, ಅದು ಪೂರ್ತಿ ಬಿಟ್ಟಿಲ್ಲ.

ಹೊರಗೆ ಬಂದ ಸರ್ ಎಡಗೈ ಮುಂದೆ ಚಾಚಿ ನಿಂತರು. "ಬರತೈತೇನವ್ವ?"

ಡಾಕ್ಟರು ಹೇಳುತ್ತಾರೆ ಅನ್ನಬೇಕಿತ್ತು. ನಮಗೆ ಕಲಿಸಿದ್ದೂ ಅದನ್ನೇ. "ಬರತೈತ್ರಿ ಸರ್," ಅಂದುಬಿಟ್ಟೆ.

ಹೈದರಾಬಾದಿಗೆ ಹೋಗಿ ಬೇಗ ಆಪರೇಷನ್ ಮಾಡಿಸಿ ಎಂದು ಡಾಕ್ಟರು ಹೇಳಿದರಂತೆ. ಸರ್ ಹೋಗಲಿಲ್ಲ. ಚಿತ್ರ ತೆಗೆದ ನಮ್ಮ ಹುಡುಗಿಯೇ ಕೈ ಬರುತ್ತದೆ ಅಂದಿದ್ದಾಳೆ, ತಲೆ ಯಾಕೆ ಕೊಯ್ಯಿಸಿಕೊಳ್ಳಲಿ ಎಂದು ಎಲ್ಲರ ಬಾಯಿ ಮುಚ್ಚಿಸಿದರಂತೆ. ದಿನಾ ಕೈಗೆ ಎಣ್ಣೆ ತಿಕ್ಕಿಸಿಕೊಂಡು ಕಾದರು. ಐದನೇ ತಿಂಗಳು ಹೋಗಿಬಿಟ್ಟರು... ಆಪರೇಷನ್ ಆಗಿದ್ದರೆ ಎಷ್ಟು ದಿನ ಇರುತ್ತಿದ್ದರೋ ನನಗೆ ಗೊತ್ತಿಲ್ಲ. ಮಣ್ಣು ಮಾಡುವ ದಿನ ನಾನು ಹೋಗಲಿಲ್ಲ.

ವರ್ಷದ ಮೇಲೆ ಅಮ್ಮನವರು ಮೊಣಕಾಲಿನ ಸ್ಕ್ಯಾನಿಗೆ ನಮ್ಮಲ್ಲಿಗೆ ಬಂದರು. ನನ್ನ ಎರಡೂ ಕೈ ಹಿಡಿದುಕೊಂಡರು.

"ನಿನ್ನ ಒಂದು ಮಾತಿನ ಮ್ಯಾಲೆ ಅಷ್ಟು ದಿನ ಧೈರ್ಯದಿಂದ ಇದ್ರು ನೋಡವ್ವ. ನಿನ್ನ ಹೊಟ್ಟಿ ತಣ್ಣಗಿರಲಿ."

ನನಗೆ ಅಳು ಬರಲಿಲ್ಲ. ಮೊಣಕಾಲು ಅಲುಗಾಡಿಸಬೇಡಿ ಎಂದು ಹೇಳಿ ಮಲಗಿಸಿದೆ.

ಅಮ್ಮನವರು ಈಗಲೂ ಮಕ್ತಲ್‌ನಲ್ಲೇ ಇದ್ದಾರೆ. ಬಸ್ಸು ಹತ್ತಿದರೆ ದೂರವೇನಲ್ಲ. ಆ ದಿನ ಚಿತ್ರದಲ್ಲಿ ನಾನು ಏನು ನೋಡಿದ್ದೆ ಎಂದು ಅವರಿಗೆ ಇನ್ನೂ ಹೇಳಿಲ್ಲ.