ಸೀತು ಮಾರಿದ ಹೆದರಿಕೆ

ಕಿರಿಮಂಜೇಶ್ವರದ ಸೀತುವಿನ ಕೈಯಿಂದ ಒಣಮೀನು ಕೊಳ್ಳದೆ ತಪ್ಪಿಸಿಕೊಂಡವರು ಕೆರಾಡಿಯಲ್ಲಿ ಇರಲಿಲ್ಲ. ಇದ್ದರೆ ಅವರು ಆ ಹೊತ್ತಿಗೆ ಮನೆಯಲ್ಲಿರಲಿಲ್ಲ ಎಂದಷ್ಟೇ ಅರ್ಥ. ಸ್ಕೂಟರಿನ ಹಿಂದೆ ಡಬ್ಬಿ ಕಟ್ಟಿಕೊಂಡು ಕಾಡಿನಂಚಿನವರೆಗೂ ಬರುವ ಅವಳು ಅಂಗಳದಲ್ಲಿ ನಿಂತು "ಹ್ವಾಯ್" ಎಂದರೆ, ಆ ದಿನ ಮೀನು ಮುಟ್ಟದವರೂ ನಾಳೆಗೆಂದು ಎರಡು ಹಿಡಿ ಚಟ್ಲಿ, ಅಂದರೆ ಒಣ ಸಿಗಡಿ, ತೆಗೆದಿಡುತ್ತಿದ್ದರು.

"ಬೇಡ ಸೀತಕ್ಕ, ಮೊನ್ನೆ ತಕಂಡದ್ದೇ ಇತ್ತ್."

"ಇರ್ಲಿ ಮಾರಾಯ್ತಿ. ಮಳಿ ಹಿಡ್ದ್ ಮೇಲೆ ನಾ ಬತ್ತಿಲ್ಲೆ. ಆಗಳ್ ಗಂಡನ್ ಮೋರಿ ಕಂಡ್ಕಂಡ್ ಗಂಜಿ ಉಣ್ಕ್ ಕಾಣ್."

ಹೀಗೆ ಸ್ವಲ್ಪ ಹೆದರಿಸಿ, ಸ್ವಲ್ಪ ನಗಿಸಿ ಮಾರುವವಳು. ಕಾಡಿನ ಬೆಂಕಿ ತಡೆಯಲು ಊರೂರಲ್ಲಿ ತಂಡ ಕಟ್ಟುತ್ತಿದ್ದ ಸಂಸ್ಥೆಯೊಂದರ ವಿಜೇತಾ ಇವಳನ್ನು ಹುಡುಕಿಕೊಂಡು ಬಂದದ್ದೂ ಅದಕ್ಕೇ. ಬೆಂಕಿ ಬಡಿಯಲು ಗಂಡಾಳುಗಳು ಸಿಕ್ಕಿದ್ದರು. ಮನೆಮನೆಯ ಅಂಗಳಕ್ಕೆ ಹೋಗಿ ಮಾತಾಡಲು ಬಾಯಿ ಬೇಕಾಗಿತ್ತು.

ತರಬೇತಿಯಲ್ಲಿ ಸೀತು ಎಲ್ಲರಿಗಿಂತ ಮುಂದೆ ಕೂತು ಎಲ್ಲವನ್ನೂ ಕಲಿತಳು. ಮನೆಗಳ ಹಿಂದಿನ ಕುರುಚಲು ಕಾಡಾದ ಹಾಡಿಯ ಅಂಚಿನಲ್ಲಿ ತರಗೆಲೆ ಗುಡಿಸಿ ಬೆಂಕಿ ದಾಟದಷ್ಟು ನೆಲ ಬೋಳು ಮಾಡುವುದು, ಹಸಿ ಸೊಪ್ಪಿನಿಂದ ಬಡಿಯುವಾಗ ಬೆಂಕಿಯ ಮೇಲಿನ ಏರಿನಲ್ಲಿ ನಿಲ್ಲದಿರುವುದು. ಕೊನೆಗೆ ವಿಜೇತಾ ಸುಡುಮಣ್ಣಿನ ವಿಷಯಕ್ಕೆ ಬಂದಳು. ಸೊಪ್ಪು, ತರಗೆಲೆ, ಮಣ್ಣು ಪೇರಿಸಿ ಒಳಗೊಳಗೇ ಬೇಯಿಸುವ ಈ ಗೊಬ್ಬರವಿಲ್ಲದೆ ಇಲ್ಲಿಯ ಬಸಳೆಗೆ ಚಿಗುರುವ ಮನಸ್ಸೇ ಇಲ್ಲ. ಮೇಲೆ ಮುಟ್ಟಿದರೆ ತಣ್ಣಗಿರುತ್ತದೆ, ಹೊಟ್ಟೆಯೊಳಗೆ ಕೆಂಡ ಎಷ್ಟೋ ದಿನ ಉಸಿರಾಡುತ್ತಿರುತ್ತದೆ.

"ಮಾಡ್ಬೇಡಿ ಅಂದ್ರೆ ಯಾರೂ ಕೇಣುದಿಲ್ಲ ಸೀತಕ್ಕ. ನೀರ್ ಹೊಯ್ದ್ ಆರ್ಸಿ ಅನ್ನಿ. ಬೆಂಕಿ ಕೈ ಮೀರ್ರೆ ಮೊದ್ಲು ನಮ್ಗೆ ಫೋನ್ ಮಾಡಿ ಅನ್ನಿ. ಯಾರ್ ಹಚ್ಚಿದ್ದ್ ಅಂತ ನಾವ್ ಕೇಣುದಿಲ್ಲ. ಫೋನ್ ಬಂದ್ರೆ ಮಾತ್ರ ನಾವ್ ಎಂತಾರೂ ಮಾಡೂಕ್ ಆಪ್ದ್."

ಸೀತು ಹಾಗೆಯೇ ಹೇಳಿ ನೋಡಿದಳು. ಜನ ತಲೆಯಾಡಿಸಿದರು, ಕರಪತ್ರ ತೆಗೆದುಕೊಂಡರು, ಅದೇ ಕರಪತ್ರದಲ್ಲಿ ಒಣಮೀನು ಕಟ್ಟಿಸಿಕೊಂಡರು. ಯಾರೊಬ್ಬರೂ ಸುಡುಮಣ್ಣಿಗೆ ಒಂದು ಕೊಡ ನೀರು ಹೊಯ್ಯಲಿಲ್ಲ. ಓಡದ ಸರಕಿಗೆ ಏನು ಬೇಕೆಂದು ಸೀತುವಿಗೆ ಯಾರೂ ಕಲಿಸಬೇಕಾಗಿರಲಿಲ್ಲ.

ಹೆದರಿಸುವ ಆ ಉಪಾಯವನ್ನು ಮೊದಲು ಐತನ ಅಂಗಳದಲ್ಲಿ ಪ್ರಯೋಗಿಸಿದಳು. ಗಂಡ ಹೆಂಡತಿ ಐತ, ಜಲಜ ಇಬ್ಬರೇ ಇರುವ ಮನೆ. ಮಧ್ಯಾಹ್ನದ ಊಟ ಅವಳಿಗೆ ಅಲ್ಲೇ. ಸುತ್ತಲಿನ ನಾಲ್ಕಾರು ಮನೆಯವರೂ ಮೀನಿಗೆಂದು ಸೇರಿದ್ದರು.

"ಈಗ ಮೇಲಿಂದ ಡ್ರೋನ್ ಕಾಣ್ತಾ ಇತ್ತ್ ಮರ್ರೆ! ಹೊಗಿ ಎದ್ರೆ ಫಾರೆಸ್ಟಿನವ್ರ್ ಜೀಪ್ ಬತ್ತ್. ಯಾರ್ ಜಾಗದಿಂದ ಎದ್ದದ್ದ್ ಅಂದ್ ಕಂಡ್, ಸೀದಾ ಜೈಲ್."

"ನಾವೇ ಫೋನ್ ಮಾಡಿ ಹೇಳ್ರೆ?" ಐತ ಕೇಳಿದ.

"ಫೋನ್ ಮಾಡ್ರೆ ನಂಬ್ರ್ ಸಿಕ್ಕಿತ್ತಲ್ದಾ ಐತಣ್ಣ, ಅವ್ರಿಗ್ ಹುಡ್ಕೂ ಕೆಲ್ಸವೇ ಇಲ್ಲೆ!"

ಎಲ್ಲರೂ ನಕ್ಕರು. ಐತ ನಗಲಿಲ್ಲ. ಸೀತು ಅದನ್ನು ಗಮನಿಸಿದಳು, ಮಾತು ನಾಟಿತೆಂದು ಖುಷಿಪಟ್ಟಳು. ಮುಂದಿನ ಅಂಗಳಗಳಲ್ಲೂ ಅದೇ ನಡೆಯಿತು. ಹೆದರಿಕೆ ಚಟ್ಲಿಗಿಂತ ಚೆನ್ನಾಗಿ ಖರ್ಚಾಯಿತು.

ತಂಡದ ಸಭೆಯಲ್ಲಿ ವಿಜೇತಾ, "ಕೆರಾಡಿಯಿಂದ ಈ ಸಲ ಒಂದೂ ಫೋನ್ ಇಲ್ಲ, ಬೆಂಕಿಯೇ ಇಲ್ಲ. ಸೀತಕ್ಕನ್ ಬಾಯಿಗೆ ಕೈ ಮುಗಿಕ್" ಎಂದಳು. ಸೀತು ಸೆರಗು ಸರಿಮಾಡಿಕೊಂಡಳು. ಮೂರ್ನಾಲ್ಕು ಮನೆಗಳ ಹಿಂದೆ ಬೇಲಿ ಕರಕಲಾದದ್ದನ್ನು ಅವಳು ಕಣ್ಣಾರೆ ಕಂಡಿದ್ದಳು. ಬೆಂಕಿ ಎದ್ದಿತ್ತು, ಮನೆಯವರು ಗುಟ್ಟಾಗಿ ಬಡಿದು ಆರಿಸಿದ್ದರು. ಯಾರೂ ಕರೆದಿರಲಿಲ್ಲ. ಒಳ್ಳೇದೇ ಆಯಿತಲ್ಲ ಎಂದುಕೊಂಡಿದ್ದಳು.

ಮಾರ್ಚಿನ ಒಂದು ಮಧ್ಯಾಹ್ನ ತಂಡದವರೆಲ್ಲ ಪಕ್ಕದ ಊರಿನ ಶಾಲೆಯ ಅಂಗಳದಲ್ಲಿ ಒಂದು ಬುಟ್ಟಿ ತರಗೆಲೆಗೆ ಬೆಂಕಿ ಹಚ್ಚಿ, ಅದನ್ನು ಆರಿಸುವುದು ಹೇಗೆಂದು ಮಕ್ಕಳಿಗೆ ತೋರಿಸುತ್ತಿದ್ದರು. ಚಪ್ಪಾಳೆಯ ನಡುವೆ ಕೆರಾಡಿಯ ದಿಕ್ಕಿಗೆ ಹೊಗೆ ಕಂಡಿತು. ಹೊಗೆ ಆಗಲೇ ಎತ್ತರಕ್ಕೆ ಹೋಗಿತ್ತು.

ಹೋಗಿ ನೋಡಿದರೆ ಐತನ ಮನೆಯ ಹಿಂದಿನ ಹಾಡಿ. ಆರಿತೆಂದು ಬಿಟ್ಟಿದ್ದ ಸುಡುಮಣ್ಣಿನ ರಾಶಿಯನ್ನು ಪಡುಗಾಳಿ ಕೆದಕಿ, ಕಿಡಿಯನ್ನು ಒಣ ಕರಡದ ಹುಲ್ಲಿಗೆ ಎಸೆದಿತ್ತು. ಜಲಜ ಬಾವಿಯಿಂದ ನೀರು ಹೊತ್ತು ಹೊತ್ತು ಸೋತಿದ್ದಳು. ಐತ ಹಸಿ ಸೊಪ್ಪು ಹಿಡಿದು ಬೆಂಕಿಯ ಮುಂದೆ ಏರಿಗೆ ಹತ್ತಿದ್ದ, ಮೇಲಿನ ಹಾಡಿಗೆ ದಾಟದಂತೆ ತಡೆಯಲು. ತಂಡದವರು ಸಂಜೆಯವರೆಗೆ ಬಡಿದು ಬೆಂಕಿ ಆರಿಸಿದರು. ಐತ ಬಂಡೆಯೊಂದರ ಮಗ್ಗುಲಲ್ಲಿ ಸಿಕ್ಕಿದ. ಮೈ ಅಷ್ಟಾಗಿ ಸುಟ್ಟಿರಲಿಲ್ಲ. ಜೀವ ಹೋಗಲು ಹೊಗೆಯೇ ಸಾಕಾಗಿತ್ತು. ಮೊಬೈಲು ಅಂಗಿಯ ಕಿಸೆಯಲ್ಲೇ ಇತ್ತು.

ಕ್ರಿಯೆಗಳೆಲ್ಲ ಮುಗಿದ ಮೇಲೆ ಸೀತು ಡಬ್ಬಿಯಿಲ್ಲದೆ ಆ ಮನೆಗೆ ಹೋದಳು. ಏನೂ ಕೇಳಬಾರದೆಂದು ದಾರಿಯುದ್ದಕ್ಕೂ ಅಂದುಕೊಂಡು ಬಂದವಳು, ಕೂತ ಕೂಡಲೇ ಕೇಳಿದಳು.

"ಒಂದ್ ಫೋನ್ ಮಾಡೂಕೆ ಎಂತ ಆಯ್ತ್ ಜಲಜ? ನಾವ್ ಇಲ್ಲೇ ಇದ್ದಿತ್ತ್."

"ನಾ ಹೇಳ್ದೆ ಸೀತಕ್ಕ, ಫೋನ್ ಮಾಡಿ ಅಂದೇಳಿ." ಜಲಜಳ ದನಿಯಲ್ಲಿ ಸಿಟ್ಟೇನೂ ಇರಲಿಲ್ಲ. "ಅವ್ರ್ ಕೇಣ್ಲಿಲ್ಲೆ. ಸೀತಕ್ಕ ಸುಳ್ ಹೇಳುದಿಲ್ಲೆ ಅಂದ್ರ್. ಜೈಲಿಗ್ ಹೋರೆ ನಿನ್ನ್ ಯಾರ್ ಕಾಂತ್ರ್ ಅಂದ್ರ್. ಹಾಂಗಂದ್ ಸೊಪ್ಪ್ ಹಿಡ್ಕಂಡ್ ಹೋರ್."

ಸೀತು ಅಂದೇ ವಿಜೇತಾಳ ಮನೆಗೆ ಹೋಗಿ, ತಾನು ಅಂಗಳಗಳಲ್ಲಿ ಹೇಳಿದ್ದನ್ನೆಲ್ಲ ಹೇಳಿದಳು. ವಿಜೇತಾ, "ಮತ್ತೆ ಅಷ್ಟೂ ಮನಿಗೆ ಹೋಯ್ಕ್ ಸೀತಕ್ಕ" ಎಂದಳಷ್ಟೇ.

ಹೋದಳು. ನಾನು ಹೇಳಿದ್ದು ಸುಳ್ಳು, ಡ್ರೋನೂ ಇಲ್ಲ ಜೈಲೂ ಇಲ್ಲ, ಫೋನ್ ಮಾಡಿದವರ ಹೆಸರು ನಾವು ಯಾರಿಗೂ ಕೊಡುವುದಿಲ್ಲ ಎಂದಳು. ಸುಳ್ಳನ್ನು ಒಂದೇ ಸಲಕ್ಕೆ ಕೊಂಡ ಜನ ಈಗ ನಿಜವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಜೈಲ್ ಇಲ್ದಿರೆ ಇವ್ಳ್ ಇಷ್ಟ್ ಸಲ ಎಂತಕ್ ಬತ್ಲ್?" ಎಂದು ಸುಂದರನ ಹೆಂಡತಿ ಸುಗಂಧಿ ಅವಳ ಎದುರೇ ಅಂದಳು. ಐತ ಸತ್ತದ್ದು ಜೈಲಿನ ಹೆದರಿಕೆಯಿಂದ ಎಂದು ಊರಿಗೆಲ್ಲ ಗೊತ್ತಾಗಿತ್ತು. ಹಾಗಾಗಿ ಜೈಲು ಇರಲೇಬೇಕೆಂದು ಊರು ತೀರ್ಮಾನಿಸಿತ್ತು.

ಮುಂದಿನ ಬೇಸಿಗೆಯಲ್ಲಿ ಮೀನು ಮಾರುತ್ತ ಬರುವಾಗ ಸುಂದರನ ಮನೆಯ ಹಿಂದೆ ಗೇರು ಹಾಡಿಯಲ್ಲಿ ಹೊಗೆ ಕಂಡಿತು. ಗಂಡ ಹೆಂಡತಿ ಇಬ್ಬರೂ ಸದ್ದಿಲ್ಲದೆ ಸೊಪ್ಪು ಬಡಿಯುತ್ತಿದ್ದರು. ಸೀತು ಸ್ಕೂಟರ್ ನಿಲ್ಲಿಸಿ ಫೋನ್ ಮಾಡಿದಳು. ತಂಡ ಬಂತು. ಸುಟ್ಟದ್ದು ಒಂದಿಷ್ಟು ಹುಲ್ಲು, ಎರಡು ಗೇರುಮರ. ಯಾರಿಗೂ ಏನೂ ಆಗಲಿಲ್ಲ.

ಮಸಿ ಹಿಡಿದ ಮುಖದಲ್ಲೇ ಸುಗಂಧಿ ಅವಳ ಹತ್ತಿರ ಬಂದಳು.

"ಫೋನ್ ಮಾಡದ್ದ್ ನೀನಾ?"

"ನಾನೇ."

"ಇನ್ನ್ ಮೇಲೆ ನಮ್ಮನಿ ಜಾಲಿಗ್ ಕಾಲ್ ಮೆಟ್ಟ್ಬೇಡ."

"ಆಯ್ತ್" ಎಂದಳು ಸೀತು. ಹಾಡಿಯೊಳಗೆ ಇನ್ನೂ ಹೊಗೆಯಾಡುತ್ತಿದ್ದ ಒಂದು ಬೊಡ್ಡೆಯನ್ನು ತಂಡದವರಿಗೆ ಕೈ ಮಾಡಿ ತೋರಿಸಿದಳು. ಅದಕ್ಕೆ ನೀರು ಬೀಳುವವರೆಗೆ ನಿಂತಿದ್ದು ಹೊರಟಳು.