ಗಾಳ್ಯಾಗ ಬಡಿದ ತಂಬಾಕ

ನಮ್ಮ ಅತ್ತಿ ಗೌರಾಬಾಯಿ ಸಿಟ್ಟಿಗೆದ್ರ ಒದರಂಗಿಲ್ಲ, ಸುಮ್ಮನಾಗ್ತಾಳ. ಒದರಾಕಿ ನಾನು, ಆಕಿ ಸೊಸಿ ನೀಲಮ. ಅದಕ್ಕ ಈ ಮಾತ ನಾನ ಹೇಳಬೇಕು, ಆಕಿ ಬಾಯಿ ಬಿಡಂಗಿಲ್ಲ.

ನಿಪ್ಪಾಣಿ ದಾಟಿ ಹೈವೇದಿಂದ ಒಳಗ ನಮ್ದ ಎರಡ ಎಕರೆ ಹೊಲ. ಬೀಡಿ ತಂಬಾಕ ಬೆಳಿತೀವಿ. ಮಾವ ಸತ್ತಾಗ ನನ್ನ ಗಂಡ ವಿಶಾಲ ಇನ್ನೂ ಸಾಲಿಗೆ ಹೋಗಾವ. ಅವತ್ತಿಂದ ಅತ್ತಿ ತಾನ ಸಸಿ ಹಚ್ಚಿ, ಕುಡಿ ಚಿವುಟಿ, ಎಲಿ ಒಣಗಿಸಿ ಮನಿ ನಡಸ್ಯಾಳ. ಮದುವಿಗೆ ಹೋದ್ರೂ ಆಕಿ ಸೀರ್ಯಾಗಿನ ತಂಬಾಕ ಘಾಟಿಗೆ ಬಾಜೂ ಕುಂತವರು ಸೀನತಿದ್ರು. ಹೊಲಕ್ಕ ಹಾದಿ ಅಂದ್ರ ಮುಂದಿನ ಆಬಾಸಾಹೇಬನ ಕಬ್ಬಿನ ಹೊಲದ ಬದು. ಮುತ್ಯಾನ ಕಾಲದಿಂದ ನಮ್ಮ ಚಕ್ಕಡಿ ಅಲ್ಲೇ ಹಾಯ್ತಿತ್ತು, ಯಾರೂ ಏನೂ ಅಂದಿದ್ದಿಲ್ಲ.

ಹೈವೇ ಅಗಲಾತು. ಕೊಲ್ಲಾಪುರದವರಿಗೆ, ನೌಕರಿ ಮಂದಿಗೆ, ಎಲ್ಲಾರಿಗೂ ಹೊಲದಾಗ ಮನಿ ಬೇಕಾತು. ಇತ್ತಾಗ ಕಬ್ಬ ಕಡ್ಯಾಕ ಆಳ ಸಿಗವಲ್ರು, ಆಬಾನ ಮಕ್ಕಳಿಗೆ ಕೆಸರ ಬ್ಯಾಡ. ಕಬ್ಬ ಕಿತ್ತ ಒಗದು ಪ್ಲಾಟ ಹಾಕಿದ. ಅವನ ಹೊಲ ಅವ ಮಾರಕೊಳ್ಳಲಿ, ನಮ್ಮಪ್ಪಂದೇನ ಹೋಗ್ತಿತ್ತು! ಆದ್ರ ಸುತ್ತ ಗ್ವಾಡಿ ಕಟ್ಟಿ, ಹಿಂದ-ಮುಂದ ಗೇಟ ಹಚ್ಚಿ ಕೀಲಿ ಜಡದ. ನಮ್ಮ ಹಾದಿ ಬಂದ್. ಹಾದಿ ಇಲ್ಲದ ಹೊಲ ಮತ್ಯಾರ ತಗೋತಾರ? ಸೋತ ಬಂದ ಅಗ್ಗದಾಗ ತನಗ ಕೊಡ್ಲಿ ಅಂತ ಅವನ ಮಸಲತ್ತು.

ಅತ್ತಿ ಕೇಳಾಕ ಹೋದ್ರ ಮಂದಿ ಮುಂದ ನಕ್ಕ, "ಕಾಕೂ, ಒಂದ ವಿಮಾನ ತಗೋರಿ," ಅಂದ. ಆ ವರ್ಷ ತಂಬಾಕ ತಲಿ ಮ್ಯಾಲ ಹೊತ್ತ ಹೊಲದ ಹಿಂದಿನ ಹಳ್ಳ ದಾಟ್ಸಿದ್ವಿ. ಅಷ್ಟರಾಗ ಮಳಿ ಬಡದು ಅರ್ಧ ಎಲಿ ಕರ್ರಗಾದ್ವು. ಅತ್ತಿ ಅಳಲಿಲ್ಲ. "ಇವನ ಹೊಟ್ಟಿ ಉರಸ್ಲಿಲ್ಲಂದ್ರ ನಾ ಗೌರಾ ಅಲ್ಲ," ಅಂದ್ಳು, ಅಷ್ಟ.

ಈ ವರ್ಷ ತಂಬಾಕ ಭಾರಿ ಬಂತು. ಒಣಗಿಸಿ ಹೊಲದಾಗ ಒಟ್ಟಿದ್ವಿ. ಬಡದ ಚೂರಾ ಮಾಡಿದ್ರ ವ್ಯಾಪಾರಿ ಒಯ್ತಾನ. ಬಡಿಯೂವಾಗ ಗಾಳಿ ಇರಬಾರದು. ಗಾಳಿ ಇದ್ರ ಚೂರಾ ಎಲ್ಲಾ ಹಾರಿ ಬರೇ ಕಡ್ಡಿ ಉಳಿತಾವ, ಇದು ನಿಪ್ಪಾಣಿ ಕೂಸಿಗೂ ಗೊತ್ತು. ಗಾಳಿ ನಿಂತ ದಿನ ಬಂದ್ವು, ಹೋದ್ವು. ಅತ್ತಿ ಬಡಿಗಿ ಮುಟ್ಟಲಿಲ್ಲ. ನಾ ಒದರಿದೆ, ವಿಶಾಲ ಒದರಿದ. ಆಕಿ ಗ್ವಾಡಿ ಕಡೆ ನೋಡ್ಕೋತ ಕುಂತಳು.

ಪ್ಲಾಟ ಮಾರೂ ದಿನ ಬಂತು. ಗ್ವಾಡಿ ಒಳಗ ಹಂದರ ಹಾಕಿದ ಮಾಂಡವ ಏನ, ನೆಲಕ್ಕ ಹಾಸಿದ ಕೆಂಪ ಗಾಲಿಚಾ ಏನ, ಶ್ರೀಖಂಡ-ಪುರಿ ಏನ! ಬೋರ್ಡಿನ ಮ್ಯಾಲ 'ಶುದ್ಧ ಹವಾ' ಅಂತ ಬರ್ಸಿದ್ದ, ಹರಾಮಖೋರ. ಕಾರಿನ ಮಂದಿ ಬಂದ ಊಟಕ್ಕ ಕುಂತ್ರು. ಮಧ್ಯಾಹ್ನ ಗಾಳಿ ಎದ್ದ ಸೀದಾ ಆ ಕಡೆ ಬೀಸಾಕತ್ತಿತು. ಅತ್ತಿ ಸೆರಗ ಮೂಗಿಗೆ ಬಿಗದು ಬಡಿಗಿ ತಗೊಂಡ್ಳು.

"ಅತ್ತಿ, ಗಾಳಿ ಐತಿ! ವರ್ಷದ ಕೂಳ ಹಾರಿ ಹೋಗತೈತಿ!"

"ಗೊತ್ತೈತಿ ಬೇ. ಬಡಿಯಾಕ ಬರ್ತಿಯೋ, ನೋಡ್ಕೋತ ನಿಂದರ್ತಿಯೋ?"

ನನ್ನ ಕಣ್ಣ ಮುಂದ ಆ ಕರಿ ಎಲಿ ಬಂದ್ವು. ನಾನೂ ಬಡಿಗಿ ಎತ್ತಿದೆ.

ಬಡದ್ವಿ ನೋಡ್ರಿ! ಧೂಳ ಎದ್ದ ಗ್ವಾಡಿ ಹಾರಿ ಮಾಂಡವದಾಗ ಹೊಕ್ಕಿತು. ಮೊದ್ಲ ಒಬ್ಬ ಸೀನಿದ, ಆಮ್ಯಾಲ ಇಡೀ ಮಾಂಡವ. ಕಣ್ಣಾಗ ನೀರು, ಶ್ರೀಖಂಡದಾಗ ತಂಬಾಕ. ಬಂದವರೆಲ್ಲಾ ಕೆಮ್ಮಕೋತ ಕಾರ ಹತ್ತಿ ಓಡಿದ್ರು. ಒಂದೂ ಪ್ಲಾಟ ಹೋಗಲಿಲ್ಲ. ಖರೇ ಹೇಳ್ತೀನಿ, ನನ್ನ ಹೊಟ್ಟಿ ತಣ್ಣಗಾತು.

ಆಬಾಸಾಹೇಬ ಮೂಗಿಗೆ ಅರಿವಿ ಹಿಡಕೊಂಡ ಓಡಿ ಬಂದ, ಕೈ ಮುಗದ.

"ಕಾಕೂ, ನಿಲ್ಲಸ್ರಿ, ನಿಮ್ಮ ಕಾಲ ಬೀಳ್ತೀನಿ. ಗೇಟ ತಗೀತೀನಿ, ಇನ್ನ ಕೀಲಿ ಹಾಕಂಗಿಲ್ಲ. ನಾಳೆ ಗಾಡಿ ತಂದ ಮಾಲ ಒಯ್ರಿ."

"ಮಾಲ ಎಲ್ಲೈತಿ ಆಬಾ? ನಿನ್ನ ಮಾಂಡವದಾಗ ಐತಿ," ಅಂದ್ಳು ಅತ್ತಿ. "ನಾಳೆ ಬ್ಯಾಡ. ಈಗ ತಗಿ."

ಆಬಾ ಎರಡೂ ಗೇಟಿನ ಕೀಲಿ ತಗದ. ಹೇಳಿ ಕಳಿಸಿದ್ಕ ವಿಶಾಲ ಊರಿಂದ ಚಕ್ಕಡಿ ಹೊಡಕೊಂಡ ಬಂದ. ಗಾಲಿ ಗಾಲಿಚಾದ ಮ್ಯಾಲ ಹಾದು ಹೊಲಕ್ಕ ಬಂದ್ವು. ಹೇರಾಕ ಏನ ಉಳದಿತ್ತು? ಬರೇ ಕಡ್ಡಿ. ಅವನ್ನ ಹೇರಿದ್ವಿ. ನನಗ ಆವಾಗ ಅಳು ಬಂತು, ಈ ವರ್ಷ ಏನ ತಿನ್ನೂದು ಅಂತ. ಅತ್ತಿ ಎತ್ತಿನ ಹಗ್ಗ ತಾನ ಹಿಡದು, ಆ ಕಡ್ಡಿ ಚಕ್ಕಡಿ ಆಬಾನ ಕಣ್ಣ ಮುಂದ, ಸುಗ್ಗಿ ಮಾಲ ಒಯ್ದಂಗ, ಸಾವಕಾಶ ಹೊಡಕೊಂಡ ಮನಿಗೆ ಹೋದ್ಳು.