ಹನ್ನೆರಡು ನಿಮಿಷ ಮುಂದಿದ್ದ ಸುಳ್ಯ

ಮುಹ್ಸಿನಾ ಯಾರ ಹತ್ತಿರವೂ ಜಗಳ ಮಾಡಿದ್ದನ್ನು ನಾನು ನೋಡಿಲ್ಲ. ಅವಳ ಪದ್ಧತಿಯೇ ಬೇರೆ. ನಿಮ್ಮ ತಪ್ಪು ಕಂಡರೆ ಬಹಳ ವಿನಯದಿಂದ ಒಂದು ಪ್ರಶ್ನೆ ಬರೆದು, ಕೆಳಗೆ ಸಹಿಗೆ ಜಾಗ ಬಿಟ್ಟು, ನಿಮ್ಮ ಮೇಜಿನ ಮೇಲೆ ಇಟ್ಟು ಹೋಗುತ್ತಾಳೆ. ಉತ್ತರ ಬರೆಯುವಷ್ಟರಲ್ಲಿ ನೀವೇ ನಿಮ್ಮನ್ನು ಬೈದುಕೊಂಡಿರುತ್ತೀರಿ. ನಮ್ಮ ಸಂಘದ ಪುತ್ತೂರು ಕಚೇರಿಯಲ್ಲಿ ಟಪಾಲು ನೋಡಿಕೊಳ್ಳುವ ನನಗೆ, ಅಂದರೆ ಸೀನನಿಗೆ, ಅಂಥ ಮೂರು ಕಾಗದ ಬಂದಿವೆ. ಮೂರೂ ಮೀನಿನ ವಿಷಯ.

ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಮ್ಮದು ಪುತ್ತೂರು, ಸುಳ್ಯ, ಕಡಬ ಮೂರು ತಾಲೂಕಿನ ಬೆಳೆಗಾರರ ಸಂಘ. ರಬ್ಬರು, ಕೊಕ್ಕೊ, ಕಾಳುಮೆಣಸು ತಂದವರಿಗೆ ತೂಕ ಹಾಕಿ ಬಿಲ್ ಕೊಡುವುದು ಕೆಲಸ. ಮೂರು ಊರಿನ ಕಚೇರಿಯಲ್ಲೂ ಒಂದೊಂದು ಸರ್ವರ್ ಇದೆ. ಬಿಲ್ಲಿನ ಸಾಫ್ಟ್‌ವೇರು ಓಡುವುದು ಅದರೊಳಗೆ; ಕೌಂಟರಿನ ಕಂಪ್ಯೂಟರು ಕೇಳಿದ್ದಕ್ಕೆಲ್ಲ ಉತ್ತರ ಕೊಡುವುದು ಅದು. ಪುತ್ತೂರಿನ ಸರ್ವರಿಗೆ ಎಸಿ ಇರುವ ಪ್ರತ್ಯೇಕ ಕೋಣೆ. ಮೇ ತಿಂಗಳಲ್ಲಿ ಎಸಿ ಇರುವ ಕೋಣೆಯನ್ನು ಯಂತ್ರಕ್ಕೆ ಮಾತ್ರ ಬಿಟ್ಟುಕೊಡುವಷ್ಟು ದೊಡ್ಡ ಮನಸ್ಸು ನಮಗಿಲ್ಲ. ಹೆಂಗಸರ ಮಲ್ಲಿಗೆ, ಯಾರದ್ದೋ ಮೊಸರಿನ ಡಬ್ಬಿ, ಬೆಳಿಗ್ಗೆ ಮಾರ್ಕೆಟಿನಿಂದ ತಂದ ನನ್ನ ಬಂಗುಡೆ, ಎಲ್ಲ ಅಲ್ಲೇ ಮಧ್ಯಾಹ್ನದವರೆಗೆ ತಣ್ಣಗಿರುತ್ತಿತ್ತು. "ಸರ್ವರಿನ ಮೇಲೆ ಬಂಗುಡೆ ಇಡಲು ಯಾರ ಅನುಮತಿ ಇದೆ? ದಯವಿಟ್ಟು ತಿಳಿಸಿ, ಸಹಿ ಮಾಡಿ" ಎಂದು ಮುಹ್ಸಿನಾ ಬರೆದಳು. ನಾನು ಸಹಿ ಮಾಡಲಿಲ್ಲ, ಬಂಗುಡೆ ತೆಗೆದೆ.

ಅವಳು ಪೆರಾಬೆಯವಳು. ಪುತ್ತೂರಿನಲ್ಲಿ ಕಂಪ್ಯೂಟರು ಓದಿ, ಐದು ವರ್ಷದಿಂದ ನಮ್ಮ ಮೂರು ಸರ್ವರುಗಳನ್ನು ಸಾಕುತ್ತಿದ್ದಾಳೆ. ಗಂಡ ಶಿಹಾಬ್ ಮೂರು ವರ್ಷ ಗಲ್ಫಿನಲ್ಲಿದ್ದು, ಅಲ್ಲಿನ ಊಟ ಸೇರದೆ ವಾಪಸು ಬಂದು, ಕಡಬದಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ. ಮನೆಯಲ್ಲಿ ಎಂತ ಮಾತಾಡುತ್ತೀರಿ ಎಂದು ಒಮ್ಮೆ ಕೇಳಿದ್ದೆ. "ಅವರು ಡಿಸ್‌ಪ್ಲೇ ಹೋದದ್ದು ಹೇಳ್ತಾರೆ, ನಾನು ಡಿಸ್ಕ್ ತುಂಬಿದ್ದು ಹೇಳ್ತೇನೆ. ಮಕ್ಕಳು ಓಡಿ ಹೋಗ್ತಾರೆ," ಅಂದಳು.

ಈಗ ನಮ್ಮ ಜನರಲ್ ಮ್ಯಾನೇಜರ್ ಮೇದಪ್ಪನವರ ವಿಷಯ. ಕೆಟ್ಟವರಲ್ಲ. ಕಂಪ್ಯೂಟರಿನಿಂದ ಪ್ರಿಂಟಾಗಿ ಬಂದ ಕಾಗದವನ್ನು ಕಂಡರೆ ಮಾತ್ರ ಅವರಿಗೆ ದೇವರ ಪ್ರಸಾದ ಸಿಕ್ಕಿದಷ್ಟು ಭಕ್ತಿ. ಕಳೆದ ವರ್ಷ ಅವರ ಕೈಗೆ ಅಂಥದ್ದೊಂದು ಕಾಗದ ಸಿಕ್ಕಿತು. ಕೌಂಟರಿನವರು ಬೆಲ್ ಒತ್ತಿ ನಂಬರು ಕರೆದ ಹೊತ್ತಿನಿಂದ ಬಿಲ್ ಮುಗಿಯುವವರೆಗೆ ಒಬ್ಬ ಬೆಳೆಗಾರನಿಗೆ ಎಷ್ಟು ಸಮಯ ಹಿಡಿಯುತ್ತದೆ ಎಂಬ ವರದಿ. ಪುತ್ತೂರು ಮೂರು ನಿಮಿಷ. ಕಡಬ ಮೂರು ನಿಮಿಷ. ಸುಳ್ಯ ಹದಿನೈದು ನಿಮಿಷ.

ಸುಳ್ಯದ ಕೌಂಟರಿನಲ್ಲಿ ಕೂರುವವಳು ಶರ್ಮಿಳಾ. ಗುತ್ತಿಗಾರಿನಿಂದ ದಿನಾ ಬಸ್ಸಿನಲ್ಲಿ ಬರುತ್ತಾಳೆ. ಬಂದ ಬೆಳೆಗಾರರನ್ನೆಲ್ಲ ಹೆಸರು ಹಿಡಿದು ಕರೆದು, ಮಂಡಿ ನೋವು ಹೇಗುಂಟು, ಹಸು ಕರು ಹಾಕಿತಾ ಎಂದು ಕೇಳುವ ಹುಡುಗಿ. ಮಾತೇ ಜಾಸ್ತಿಯಾಯಿತು ಎಂದು ಮೇದಪ್ಪನವರು ತೀರ್ಮಾನಿಸಿದರು. ಮೆಮೋ ಹೋಯಿತು. ಅವಳು ಮಾತು ನಿಲ್ಲಿಸಿದಳು. ಮುಂದಿನ ತಿಂಗಳೂ ವರದಿ ಹೆಚ್ಚುಕಡಿಮೆ ಹದಿನೈದೇ ತೋರಿಸಿತು. ಅವಳು ಊಟದ ಹೊತ್ತಿನಲ್ಲಿ ಟೈಪಿಂಗ್ ಅಭ್ಯಾಸ ಶುರು ಮಾಡಿದಳು. ವರದಿ ಕದಲಲಿಲ್ಲ. ಪುತ್ತೂರಿನಲ್ಲಿ ನಾವೆಲ್ಲ ಅವಳಿಗೆ 'ಹದಿನೈದು ನಿಮಿಷದ ಶರ್ಮಿಳಾ' ಎಂದು ಹೆಸರಿಟ್ಟು ನಕ್ಕೆವು. ನಾನೂ ನಕ್ಕಿದ್ದೇನೆ, ಈಗ ನಾಚಿಕೆಯಾಗುತ್ತದೆ.

ಕೊನೆಗೆ ಮೇದಪ್ಪನವರು ಅವಳನ್ನು ಸಂಪಾಜೆಯ ಗೋದಾಮಿಗೆ ವರ್ಗ ಮಾಡುವ ಆದೇಶ ಟೈಪು ಮಾಡಿಸಿ, ಕವರಿಗೆ ಹಾಕಿಸಿ ನನ್ನ ಕೈಗೆ ಕೊಟ್ಟರು. "ಶನಿವಾರದ ಬೋರ್ಡ್ ಮೀಟಿಂಗ್ ಮುಗಿದ ಕೂಡಲೇ ಕಳಿಸು. ಅಲ್ಲಿವರೆಗೆ ಡ್ರಾಯರಲ್ಲಿರಲಿ," ಅಂದರು. ಗೋದಾಮು ಮುಚ್ಚುವುದು ಸಂಜೆ ಆರಕ್ಕೆ. ಅಲ್ಲಿಂದ ಎರಡು ಬಸ್ಸು ಹಿಡಿದು, ಇಳಿದ ಮೇಲೆ ಕಾಡಂಚಿನ ದಾರಿಯಲ್ಲಿ ಒಂದೂವರೆ ಮೈಲು ನಡೆದು ಅವಳು ಮನೆ ಸೇರುವಾಗ ಆನೆ ಇಳಿಯುವ ಹೊತ್ತು. ವರ್ಗವಾದರೆ ಕೆಲಸ ಬಿಡುವುದೇ ದಾರಿ ಎಂದು ಅವಳು ಮುಹ್ಸಿನಾಳಿಗೆ ಫೋನಿನಲ್ಲಿ ಹೇಳಿದ್ದಳಂತೆ. "ನನಗೇ ಗೊತ್ತಾಗದ ಹಾಗೆ ನಾನು ನಿಧಾನ ಆಗಿದ್ದೇನಾ ಅಕ್ಕ?" ಎಂದೂ ಕೇಳಿದ್ದಳಂತೆ.

ಇನ್ನು ಮುಂದೆ ನಿಧಾನ ಮಾಡುವವರನ್ನೆಲ್ಲ ಸಾಕ್ಷಿ ಸಮೇತ ಹಿಡಿಯಬೇಕೆಂದು ಮೇದಪ್ಪನವರು ಒಂದು ಹೊಸ ಸಾಫ್ಟ್‌ವೇರು ತರಿಸಿದರು. ಸರ್ವರಿನೊಳಗೆ ಕೂತು, ಯಾವ ಕೆಲಸಕ್ಕೆ ಎಷ್ಟು ಹೊತ್ತಾಯಿತು, ಎಲ್ಲಿ ಸಿಕ್ಕಿಬಿತ್ತು ಎಂದು ಕ್ಷಣಕ್ಷಣವೂ ನೋಡಿ ಚಿತ್ರ ಬರೆಯುವ ನಿಗಾ ಸಾಫ್ಟ್‌ವೇರು. ಅದು ಮನುಷ್ಯರನ್ನು ಹಿಡಿಯುವ ಕ್ಯಾಮರಾ ಎಂದೇ ಅವರು ತಿಳಿದಿದ್ದರು. ಅದನ್ನು ಕೂರಿಸುವ ಮೊದಲು ಮೂರು ಸರ್ವರುಗಳನ್ನೂ ತಯಾರು ಮಾಡಬೇಕಿತ್ತು. ಮಾಡಬೇಕಾದ್ದರ ಪಟ್ಟಿಯೇ ಹದಿನಾಲ್ಕು ಪುಟ. ಹೆಣ್ಣು ನೋಡಲು ಬರುವವರು ಮನೆ ಹೀಗಿರಬೇಕು, ಹಾಗಿರಬೇಕು ಎಂದು ಮೊದಲೇ ಚೀಟಿ ಕಳಿಸಿದ ಹಾಗಿತ್ತು. ಮುಹ್ಸಿನಾ ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಂಡು ಸೋಮವಾರ ಶುರು ಮಾಡಿದಳು.

ಮೊದಲು ಆ ಸಾಫ್ಟ್‌ವೇರಿಗೆ ಪ್ರತಿ ಸರ್ವರಿನಲ್ಲೂ ಬೇರೆಯೇ ಒಂದು ಖಾತೆ ತೆರೆಯಬೇಕು. ಎಲ್ಲ ನೋಡಬಹುದು, ಏನನ್ನೂ ಮುಟ್ಟುವಂತಿಲ್ಲ, ಅಂಥ ಅಧಿಕಾರ. "ಮುಟ್ಟದೆ ಬರೀ ನೋಡ್ಲಿಕ್ಕೆ ಒಬ್ಬ ಯಾಕೆ?" ಎಂದು ಮೇದಪ್ಪನವರು ಕೇಳಿದರು. "ನಮ್ಮಲ್ಲಿ ಆ ಹುದ್ದೆ ತುಂಬ ಉಂಟು ಸರ್," ಅಂದಳು ಮುಹ್ಸಿನಾ, ಪೆನ್ನಿನ ಕ್ಯಾಪು ಹಾಕುತ್ತಾ. ಆಮೇಲೆ ಡಿಸ್ಕಿನಲ್ಲಿ ಜಾಗ ಬೇಕು. ಪುತ್ತೂರಿನ ಡಿಸ್ಕು ತೆರೆದರೆ ಮೇದಪ್ಪನವರ ಮೊಮ್ಮಗನ ನಾಮಕರಣದ ವಿಡಿಯೊ ನಾಲ್ಕು ಕಡೆ ಇತ್ತು. "ಯಾವ ಮೂರನ್ನು ಅಳಿಸಬಹುದು?" ಎಂಬ ಕಾಗದ ಹೋಯಿತು. ಸಹಿಯಾಗಿ ಬಂತು.

ಆಮೇಲೆ ಬಿಲ್ಲಿನ ಸಾಫ್ಟ್‌ವೇರು ಶುರುವಾಗುವ ಫೈಲಿನಲ್ಲಿ ಒಂದು ಹೊಸ ಸಾಲು ಸೇರಿಸಿ, ಅದನ್ನೊಮ್ಮೆ ನಿಲ್ಲಿಸಿ ಮತ್ತೆ ಎಬ್ಬಿಸಬೇಕು. ಕಡಬದ ಸರ್ವರಿಗೆ ಎರಡು ವರ್ಷದ ಹಿಂದಿನ ಆಯುಧಪೂಜೆಯ ಗೊಂಡೆ ಹೂವು ಒಣಗಿ ಅಂಟಿಕೊಂಡಿತ್ತು, ಕುಂಕುಮ ಫ್ಯಾನಿನೊಳಗೆ ಹೋಗಿತ್ತು. ಅಲ್ಲಿಯ ಕಚೇರಿಯವರು ಅದನ್ನು ನಿಲ್ಲಿಸಲು ಬಿಡಲಿಲ್ಲ. ನಿಲ್ಲಿಸಿದರೆ ಏಳಲಿಕ್ಕಿಲ್ಲ ಎಂಬ ಭಯ. ಮುಹ್ಸಿನಾ ಅವರನ್ನೆಲ್ಲ ಚಾ ಕುಡಿಯಲು ಕಳಿಸಿ, ಅವರು ಬರುವುದರೊಳಗೆ ನಿಲ್ಲಿಸಿ, ಫ್ಯಾನು ಒರೆಸಿ, ಎಬ್ಬಿಸಿದಳು. ವಾಪಸು ಬಂದು, "ನೋಡಿ, ನಿಲ್ಲಿಸದಿದ್ದದ್ದು ಒಳ್ಳೇದಾಯ್ತು," ಅಂದರಂತೆ. ಅವಳು ಹೌದೆಂದಳು.

ಬುಧವಾರ ಸುಳ್ಯಕ್ಕೆ ಹೋದಳು. ಪಟ್ಟಿಯ ಏಳನೆಯ ಅಂಶ, ಎಲ್ಲ ಸರ್ವರಿನ ಗಡಿಯಾರವೂ ಒಂದೇ ಸಮಯ ತೋರಿಸಬೇಕು. ಸುಳ್ಯದ ಸರ್ವರು ಹನ್ನೆರಡು ನಿಮಿಷ ಮುಂದಿತ್ತು. ಕೆಟ್ಟುಹೋಗಿ ಅಲ್ಲ. ಸರಿ ಮಾಡಿದರೂ ಮರುಕ್ಷಣ ಮತ್ತೆ ಹನ್ನೆರಡು ನಿಮಿಷ ಮುಂದೆ ಹಾರುವ ಹಾಗೆ ಯಾರೋ ವ್ಯವಸ್ಥೆ ಮಾಡಿಟ್ಟಿದ್ದರು. ಹುಡುಕಿದಾಗ, ಅವಳಿಗಿಂತ ಮೊದಲು ಇದ್ದ ಟೆಕ್ನಿಶಿಯನ್ ಹರ್ಷಿತ್ ಫೈಲಿನಲ್ಲಿ ಬರೆದಿಟ್ಟ ಟಿಪ್ಪಣಿ ಸಿಕ್ಕಿತು: 'ಮೇದಪ್ಪ ಸಾರ್ ಹೇಳಿದ್ದಕ್ಕೆ 12 ನಿಮಿಷ ಮುಂದೆ. ಕಾರಣ ಕೇಳಬೇಡಿ.'

ಬೇರೆ ಊರಿನ ಎಂಜಿನಿಯರಾಗಿದ್ದರೆ ತಲೆ ಕೆರೆದುಕೊಳ್ಳುತ್ತಿದ್ದ. ಮುಹ್ಸಿನಾಳಿಗೆ ಕಾರಣ ಕೇಳುವ ಅಗತ್ಯವೇ ಇರಲಿಲ್ಲ. ಪೆರಾಬೆಯ ಮನೆಯಲ್ಲಿ ಅವಳ ತಾಯಿ ರುಖಿಯಮ್ಮನ ಗೋಡೆ ಗಡಿಯಾರ ಯಾವತ್ತೂ ಕಾಲು ಗಂಟೆ ಮುಂದೆ. ಬೆಳಗಿನ ಬಸ್ಸು ತಪ್ಪಬಾರದೆಂದು. ನಮ್ಮ ಕಡೆ ಬಸ್ಸು ಹಿಡಿಯುವ ಮನೆಗಳಲ್ಲೆಲ್ಲ ಹಾಗೆಯೇ. ಮನೆಯವರೆಲ್ಲ ಮನಸ್ಸಿನಲ್ಲೇ ಕಾಲು ಗಂಟೆ ಕಳೆದು, ಆರಾಮವಾಗಿ ಹೊರಟು, ಬಸ್ಸಿನ ಹಿಂದೆ ಓಡುತ್ತಾರೆ. ಮೇದಪ್ಪನವರು ಸುಳ್ಯದ ಮ್ಯಾನೇಜರಾಗಿದ್ದಾಗ ಸಿಬ್ಬಂದಿ ಚುರುಕಾಗಲಿ ಎಂದು ಅದೇ ಉಪಾಯ ಸರ್ವರಿಗೂ ಮಾಡಿಸಿದ್ದರು. ಸಿಬ್ಬಂದಿ ಒಂದೇ ವಾರದಲ್ಲಿ ಹನ್ನೆರಡು ಕಳೆಯಲು ಕಲಿತರು. ಕಳೆಯಲು ಕಲಿಯದೆ ಉಳಿದದ್ದು ವರದಿ ಬರೆಯುವ ಕಂಪ್ಯೂಟರೊಂದೇ.

ಯಾಕೆಂದರೆ ಶರ್ಮಿಳಾ ಒತ್ತುವ ಬೆಲ್ಲಿನ ಮೆಷಿನಿಗೆ ಸಮಯ ಬರುವುದು ನೇರ ಇಂಟರ್ನೆಟ್ಟಿನಿಂದ. ಬಿಲ್ ಮುಗಿದ ಸಮಯ ಬರೆಯುವುದು ಹನ್ನೆರಡು ನಿಮಿಷ ಮುಂದಿರುವ ಸರ್ವರು. ಮೂರು ನಿಮಿಷದ ಕೆಲಸ ಅಲ್ಲಿಗೆ ಹದಿನೈದಾಯಿತು.

ಗುರುವಾರ ಊಟದ ಹೊತ್ತಿಗೆ ಅವಳು ನನಗೆ ಇದನ್ನು ಹೇಳಿದಳು. "ಸರಿ ಮಾಡಿಬಿಡು ಮಾರಾಯ್ತಿ, ಮುಗೀತಲ್ಲ," ಅಂದೆ.

"ಸರಿ ಮಾಡಿದ್ರೆ ನಾಳೆಯಿಂದ ಸುಳ್ಯವೂ ಮೂರು ನಿಮಿಷ ತೋರಿಸ್ತದೆ. ಆಗ ಸಾರ್ ಎಂತ ಹೇಳ್ತಾರೆ?"

ನಾನು ಯೋಚಿಸಿದೆ. "ಹೊಸ ಸಾಫ್ಟ್‌ವೇರಿನ ಹೆದರಿಕೆಗೆ ಶರ್ಮಿಳಾ ಚುರುಕಾದ್ಲು ಅಂತಾರೆ."

"ಹಾಂ. ಹಳೇ ಹದಿನೈದು ಅವಳ ಹೆಸರಲ್ಲೇ ಉಳೀತದೆ. ನಿಮ್ಮ ಡ್ರಾಯರಿನ ಕವರು ಹೊರಡ್ತದೆ."

"ಹಾಗಾದ್ರೆ ಅವರ ರೂಮಿಗೆ ಹೋಗಿ ಹೇಳು."

"ರೂಮಲ್ಲಿ ಹೇಳಿದ್ರೆ ಗಡಿಯಾರ ಮುಂದೆ ಇಡಿಸಿದ್ದು ಯಾರು ಅಂತ ಅವರಿಗೆ ನೆನಪೇ ಇರುದಿಲ್ಲ. ಅವರು ಅದನ್ನು ಖುಷಿಯಲ್ಲಿ ಹೇಳ್ಬೇಕು ಸೀನಣ್ಣ. ಜನರ ಮುಂದೆ." ಅಷ್ಟು ಹೇಳಿ ಅವಳು ನನ್ನ ಉಪ್ಪಿನಕಾಯಿ ತೆಗೆದುಕೊಂಡಳು.

ಶನಿವಾರದ ಮೀಟಿಂಗಿಗೆ ಚಾ ತಗೊಂಡು ಹೋದವನು ನಾನು ಬಾಗಿಲ ಹತ್ತಿರವೇ ನಿಂತೆ. ಒಂಬತ್ತು ನಿರ್ದೇಶಕರು, ಅವರಲ್ಲಿ ಸಂಪಾಜೆಯ ತಿಮ್ಮಕ್ಕ ಒಬ್ಬರು. ಎಪ್ಪತ್ತು ದಾಟಿದ ರಬ್ಬರು ಬೆಳೆಗಾರ್ತಿ, ಮೀಟಿಂಗಿನಲ್ಲಿ ಕಣ್ಣು ಮುಚ್ಚಿ ಕೂರುವ ಅಭ್ಯಾಸ. ಮೇದಪ್ಪನವರು ಹೊಸ ಸಾಫ್ಟ್‌ವೇರಿನ ಮಹಿಮೆ, ಸುಳ್ಯದ ಹದಿನೈದು ನಿಮಿಷ, ವರ್ಗಾವಣೆಯ ಅಗತ್ಯ, ಎಲ್ಲ ವಿವರಿಸಿದರು. ಮುಹ್ಸಿನಾ ಎದ್ದು ನಿಂತಳು.

"ಸರ್ವರ್ ಎಲ್ಲ ತಯಾರಾಗಿದೆ ಸರ್. ಏಳನೆಯದಕ್ಕೆ ಮಾತ್ರ ನಿಮ್ಮ ಸಹಿ ಬೇಕು."

ಮೇದಪ್ಪನವರು ಕಾಗದವನ್ನು ದೊಡ್ಡದಾಗಿ ಓದಿದರು. "ಸುಳ್ಯದ ಸರ್ವರಿನ ಗಡಿಯಾರ ಹನ್ನೆರಡು ನಿಮಿಷ ಮುಂದಿದೆ. ಇದು ದೋಷವೋ, ಆಡಳಿತದ ನಿರ್ಧಾರವೋ? ತಿಳಿಸಿ." ಅವರ ಮುಖ ಅರಳಿತು. "ದೋಷ ಅಲ್ಲ. ಅದು ನಾನೇ ಇಡಿಸಿದ್ದು. ಶಿಸ್ತು ಬರ್ಬೇಕಾದ್ರೆ ಗಡಿಯಾರ ಮುಂದೆ ಇರ್ಬೇಕು. ನನ್ನ ಕೈಯ ವಾಚು ಸಹ ಹಾಗೆಯೇ."

"ಎಷ್ಟು ವರ್ಷ ಆಯ್ತು ಸರ್?"

"ಆರು."

"ಮಧ್ಯದಲ್ಲಿ ಯಾರೂ ಬದಲಾಯಿಸ್ಲಿಲ್ಲವಾ?"

"ನಾನು ಹೇಳಿದ್ದನ್ನು ಬದಲಾಯಿಸ್ಲಿಕ್ಕೆ ಯಾರಿಗೆ ಧೈರ್ಯ ಉಂಟು?"

ಮುಹ್ಸಿನಾ ಅದನ್ನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. "ಇನ್ನೊಂದೇ ಡೌಟು ಸರ್. ನಂಬರು ಕರೆಯುವ ಬೆಲ್ಲಿನ ಮೆಷಿನು ಸರಿ ಸಮಯದಲ್ಲೇ ಓಡುದು. ಶರ್ಮಿಳಾ ಹತ್ತು ಗಂಟೆಗೆ ಬೆಲ್ ಒತ್ತಿ, ಮೂರು ನಿಮಿಷದಲ್ಲಿ ಬಿಲ್ ಮುಗಿಸಿದ್ರೆ, ಸುಳ್ಯದ ಸರ್ವರು ಎಷ್ಟು ಗಂಟೆ ಅಂತ ಬರೀತದೆ?"

ಮೇದಪ್ಪನವರು ಕೈಯ ವಾಚು ನೋಡಿಕೊಂಡರು.

"ಹತ್ತೂ ಕಾಲು," ಎಂದರು ತಿಮ್ಮಕ್ಕ, ಕಣ್ಣು ಮುಚ್ಚಿಕೊಂಡೇ. ಆಮೇಲೆ ಕಣ್ಣು ಬಿಟ್ಟರು. "ಸುಳ್ಯದಲ್ಲಿ ದಿನಕ್ಕೆ ಎಷ್ಟು ಜನ ಬರುದು?"

"ತೊಂಬತ್ತು," ಅಂದಳು ಮುಹ್ಸಿನಾ.

"ಒಬ್ಬರಿಗೆ ಕಾಲು ಗಂಟೆ ಹಿಡಿದ್ರೆ ಆ ಹುಡುಗಿ ದಿನಕ್ಕೆ ಇಪ್ಪತ್ತೆರಡೂವರೆ ಗಂಟೆ ಕೂತಿರ್ಬೇಕು. ಮೇದಪ್ಪ, ನೀವು ಅವಳಿಗೆ ಓವರ್‌ಟೈಮ್ ಕೊಟ್ಟಿದ್ದೀರಾ?"

ಎಲ್ಲರೂ ಚಾ ಕುಡಿದರು. ಒಂದು ವರ್ಷದಿಂದ ಆ ಕಾಗದ ಒಂಬತ್ತು ಜನರ ಕೈ ದಾಟಿತ್ತು, ಯಾರೊಬ್ಬರೂ ಆ ಗುಣಾಕಾರ ಮಾಡಿರಲಿಲ್ಲ. ನಾನೂ ಮಾಡಿರಲಿಲ್ಲ. ಮೀಟಿಂಗ್ ಮುಗಿದ ಮೇಲೆ ಮೇದಪ್ಪನವರು ನನ್ನ ಮೇಜಿಗೆ ತಾವೇ ಬಂದು, "ಆ ಕವರು ಕೊಡು," ಅಂದರು. ಅದನ್ನು ಮಡಚಿ ಕಿಸೆಗೆ ಹಾಕಿಕೊಂಡು, ವಾಚು ಬಿಚ್ಚಿ, ಅದರ ಕೀಲಿ ತಿರುಗಿಸಿ ಹನ್ನೆರಡು ನಿಮಿಷ ಹಿಂದೆ ತಂದರು. ಅವರ ಮೇಲಿನ ನನ್ನ ಸಿಟ್ಟು ಆಗ ಸ್ವಲ್ಪ ಕಮ್ಮಿಯಾಯಿತು.

ಸೋಮವಾರ ಸುಳ್ಯದ ಗಡಿಯಾರ ಸರಿಯಾಯಿತು, ನಿಗಾ ಸಾಫ್ಟ್‌ವೇರು ಕೂತಿತು. ಕೊನೆಗೆ ಅದಕ್ಕೊಂದು ಸಂಗತಿ ಕಲಿಸಬೇಕಿತ್ತು. ಒಬ್ಬರ ಬೆಲ್ಲಿನಿಂದ ಮುಂದಿನವರ ಬೆಲ್ಲಿನವರೆಗೆ ಎಷ್ಟು ನಿಮಿಷವಾದರೆ ಮಾಮೂಲಿನ ಹಸಿರು ದೀಪ, ಎಷ್ಟಾದರೆ ಕೆಂಪು ದೀಪ ಹಾಕಬೇಕು ಎಂದು. ಮೇದಪ್ಪನವರು ಸಣ್ಣ ದನಿಯಲ್ಲಿ, "ನೀನೇ ನೋಡಿ ಹಾಕು," ಅಂದಿದ್ದರು. ಟಪಾಲು ಕೊಡುವ ನೆಪದಲ್ಲಿ ನಾನೂ ಅವಳ ಜೊತೆ ಸುಳ್ಯಕ್ಕೆ ಹೋದೆ. ಆ ಹೆಸರಿಟ್ಟು ನಕ್ಕಿದ್ದೆನಲ್ಲ, ಶರ್ಮಿಳಾಳ ಮುಖ ಒಮ್ಮೆ ನೋಡಬೇಕಿತ್ತು.

ಅವಳಿಗೆ ವಿಷಯವೆಲ್ಲ ಗೊತ್ತಾಗಿತ್ತು. ಆದರೂ ತಲೆ ಎತ್ತದೆ ಓಡಿಸುತ್ತಿದ್ದಳು. ಬೆಲ್, ತೂಕ, ಬಿಲ್, "ಮುಂದಿನವರು". ಎರಡು ಮುಕ್ಕಾಲು ನಿಮಿಷ. ಒಂದು ವರ್ಷದ ಅಭ್ಯಾಸ, ಒಂದು ದಿನದಲ್ಲಿ ಬಿಡುವುದಿಲ್ಲ. ಗುತ್ತಿಗಾರಿನ ಪದ್ಮಯ್ಯ ಎಂಬ ಹಿರಿಯರು ಬಿಲ್ ತಗೊಂಡ ಮೇಲೂ ಸ್ವಲ್ಪ ಹೊತ್ತು ಕೌಂಟರಿನ ಹತ್ತಿರ ನಿಂತು, ಅವಳನ್ನು ನೋಡಿ, ಹೊರಡಲು ತಿರುಗಿದರು.

ಹಿಂದೆ ಕೂತಿದ್ದ ಮುಹ್ಸಿನಾ ಕೀಲಿಮಣೆಯಿಂದ ಕೈ ತೆಗೆಯದೆ ಹೇಳಿದಳು, "ಶರ್ಮಿಳಾ, ಅವರ ಹಸು ಕರು ಹಾಕಿತಾ ಕೇಳು."

ಶರ್ಮಿಳಾ ಹಿಂದೆ ತಿರುಗಿದಳು. ಮುಹ್ಸಿನಾಳ ಪರದೆಯ ಮೇಲೆ ಮಾಮೂಲು ಸಮಯದ ಚೌಕದಲ್ಲಿ ಮೂರು ಇತ್ತು. ಮುಹ್ಸಿನಾ ಅದನ್ನು ಅಳಿಸಿ ಐದು ಬರೆದಳು.

ಹಸು ಕರು ಹಾಕಿ ಎಂಟು ತಿಂಗಳಾಗಿತ್ತಂತೆ. ಕೆಂದ ಬಣ್ಣದ ಹೆಣ್ಣು ಕರು, ಹಣೆಯಲ್ಲಿ ಬಿಳಿ ಚುಕ್ಕೆ. ಪದ್ಮಯ್ಯ ಎಲ್ಲವನ್ನೂ ಹೇಳಿ ಮುಗಿಸುವವರೆಗೆ ಶರ್ಮಿಳಾ ಮುಂದಿನ ಬೆಲ್ ಒತ್ತಲಿಲ್ಲ, ಸಾಫ್ಟ್‌ವೇರು ಹಸಿರು ದೀಪ ಆರಿಸಲಿಲ್ಲ.